ನೀವೇ ಹೇಳ್ರಿ ಆಕಿಗಿ

ಆ ದಂಪತಿಯ ಪ್ರಕರಣ ನನ್ನ ಮೇಜಿಗೆ ಬಂದದ್ದಕ್ಕೆ ಕಾರಣ ಒಂದೇ, ಎರಡೂ ಕಡೆಯವರ ಮನೆಮಾತು ಕನ್ನಡ. ನಿಲಂಗಾದ ನಮ್ಮ ಕುಟುಂಬ ಸಲಹಾ ಕೇಂದ್ರದಲ್ಲಿ ಉಳಿದವರೆಲ್ಲ ಮರಾಠಿಯವರು. ನಾನು ಭಾಲ್ಕಿ ಕಡೆಯಿಂದ ಮದುವೆಯಾಗಿ ಇಲ್ಲಿಗೆ ಬಂದವಳು. "ಜಗಳ ಆಡುವಾಗ ಜನ ಮನೆಯ ಭಾಷೆಗೇ ಇಳಿಯುತ್ತಾರೆ, ಇದು ನಿಮಗಿರಲಿ" ಎಂದು ಕೇಂದ್ರದ ಮುಖ್ಯಸ್ಥೆ ನನ್ನ ಕಡೆ ತಳ್ಳಿದರು. ಅವರು ಜಗಳ ಆಡಿದ್ದರೆ ನಾನು ಬಾಗಿಲಿಗೆ ತೋರಣ ಕಟ್ಟುತ್ತಿದ್ದೆ. ಆ ಬೇಸಿಗೆಯಿಂದ ಶ್ರಾವಣದವರೆಗೆ ನನ್ನ ತಲೆ ತಿಂದದ್ದು ಅವರು ಆಡದ ಮಾತು.

ಗಂಡ ಸಾಸ್ತೂರಿನ ಆಚೆಗಿನ ಒಂದು ಹಳ್ಳಿಯವನು. ಆತ ಸಣ್ಣವನಿದ್ದಾಗ ಆದ ಭೂಕಂಪದಲ್ಲಿ ಪೂರ್ತಿ ನೆಲಕಚ್ಚಿ, ಬೇರೆ ಜಾಗದಲ್ಲಿ ಸಾಲುಸಾಲು ಹೊಸ ಮನೆಗಳಾಗಿ ಎದ್ದ ಊರು ಅದು. ಉಮರ್ಗಾ ಸುತ್ತಿನ ದನದ ಸಂತೆಗಳಲ್ಲಿ ಆತ ದಲ್ಲಾಳಿ. ಹೆಂಡತಿ ಉದಗೀರದ ಕಿರಾಣಿ ಅಂಗಡಿಯವರ ಮಗಳು. ಮದುವೆಯಾಗಿ ನಾಲ್ಕು ವರ್ಷವಾಗಿತ್ತು, ಮಕ್ಕಳಾಗಿರಲಿಲ್ಲ. ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ಟ್ರಂಕು ತೆಗೆದುಕೊಂಡು ತವರಿಗೆ ಹೋದವಳು ತಿರುಗಿ ಬಂದಿರಲಿಲ್ಲ. ಗಂಡ ಬಂದು ಕರೆಯದೆ ಮಗಳನ್ನು ಕಳಿಸುವುದು ಹೆಂಡತಿಯ ಕಡೆಯವರಿಗೆ ಮರ್ಯಾದೆಯಲ್ಲ. ಹೇಳದೆ ಹೋದವಳನ್ನು ಕರೆಯಲು ಹೋಗುವುದು ಗಂಡನ ಕಡೆಯವರಿಗೆ ಮರ್ಯಾದೆಯಲ್ಲ. ಎರಡೂ ಕಡೆ ಒಪ್ಪಿದ್ದು ಒಂದೇ ವಿಷಯ: ಉಮರ್ಗಾಕ್ಕೆ ಅವರು ಬರುವುದಿಲ್ಲ, ಉದಗೀರಕ್ಕೆ ಇವರು ಹೋಗುವುದಿಲ್ಲ, ನಡುವಿನ ನಿಲಂಗಾ ಆಗಬಹುದು.

ನಮ್ಮ ಪದ್ಧತಿಯಂತೆ ಮೊದಲು ಒಬ್ಬೊಬ್ಬರನ್ನೇ ಕೂರಿಸಿ ಕೇಳಬೇಕು. ಹೆಂಡತಿ ಸೆರಗು ಬಿಗಿಯಾಗಿ ಹೊದ್ದು ಕೂತಳು.

"ಏನಾಗಬೇಕು ನಿನಗ?" ಎಂದೆ.

"ಬ್ಯಾರೆ ಮನಿ ಮಾಡ್ಲಿ. ಮಾಡಿದ್ರ ಬರ್ತೀನಿ."

"ಅತ್ತಿ ಬೈತಾರೇನು? ಹೊಡೀತಾರೇನು?"

"ಇಲ್ರಿ. ಅಂಥಾ ಮನಷಾಳ ಅಲ್ಲ ಅವರು."

"ಮತ್ತ ಬ್ಯಾರೆ ಮನಿ ಯಾಕ?"

"ಬೇಕ್ರಿ."

ಇಷ್ಟೇ. ಅಂದು ಮಧ್ಯಾಹ್ನವೆಲ್ಲ ಕೂತರೂ ಈ 'ಬೇಕ್ರಿ'ಗೆ ಮುಂದಿನ ಮಾತು ಹುಟ್ಟಲಿಲ್ಲ. ಗಂಡನನ್ನು ಕರೆದೆ. ಮೂವತ್ತರ ಒಳಗಿನ ಹುಡುಗ, ಹೆಗಲ ಮೇಲೆ ಟವೆಲ್ಲು, ಕಿಟಕಿಯ ಕಡೆಗೆ ಕಣ್ಣು.

"ಹೆಂಗ ಹೋದಳೋ ಹಂಗೇ ಬರ್ಲಿ. ಶರ್ತ ಹಾಕೂದು ಬ್ಯಾಡ" ಎಂದ.

"ಬ್ಯಾರೆ ಮನಿ ಯಾಕ ಆಗೂದಿಲ್ಲ?"

"ಅವ್ವ ಒಬ್ಬಾಕಿನೇ ಆಗ್ತಾಳ್ರಿ."

"ಆಕಿ ಬರಬೇಕಂತ ನಿನಗ ಅದನೋ ಇಲ್ಲೋ? ಅದ ಹೇಳು."

ಬಹಳ ಹೊತ್ತು ಕಿಟಕಿ ನೋಡಿ, ಟವೆಲ್ಲಿನ ತುದಿ ಹಿಂಡಿ, ಕೊನೆಗೆ ಹೇಳಿದ. "ನೀವೇ ಹೇಳ್ರಿ ಆಕಿಗಿ."

"ಏನಂತ?"

"ಬಾ ಅಂತ."

ನನಗೆ ಅರ್ಧ ಗೆದ್ದಷ್ಟು ಖುಷಿಯಾಯಿತು. ಹೊರಗೆ ಜಗಲಿಯಲ್ಲಿ ಕೂತಿದ್ದ ಹೆಂಡತಿಗೆ, ನಿನ್ನ ಗಂಡನ ಮನಸ್ಸಿನಲ್ಲಿ ನೀನಿದ್ದೀ ತಾಯಿ ಎಂದೆ. ಆಕೆ ಮುಖ ಎತ್ತಿದಳು, ಕಣ್ಣಲ್ಲಿ ಏನೋ ಬಂತು, ಹೋಯಿತು. "ಅವರಿಗಿ ಬಾಯಿ ಇಲ್ಲೇನ್ರಿ?" ಎಂದಳು. ನಾನು ಎದ್ದು ಹೋಗಿ ನೀರು ಕುಡಿದೆ.

ಎರಡನೆಯ ಬೈಠಕ್ಕಿಗೆ ಇಬ್ಬರನ್ನೂ ಎದುರುಬದುರು ಕೂರಿಸಿದೆ. ತರಬೇತಿಯಲ್ಲಿ ನಮಗೆ ಕಲಿಸಿದ ಸೂತ್ರಗಳನ್ನು ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದ್ದೆವು. ಮಾತು ನೇರವಾಗಿರಲಿ. 'ನೀನು ಹೀಗೆ' ಎನ್ನುವ ಬದಲು 'ನನಗೆ ಹೀಗನಿಸುತ್ತದೆ' ಎಂದು ಶುರುಮಾಡಿ. ಎದುರಿನವರು ಹೇಳಿದ್ದನ್ನು ನಿಮ್ಮ ಮಾತಿನಲ್ಲಿ ತಿರುಗಿ ಹೇಳಿ, ಆಗ ಕೇಳಿಸಿಕೊಂಡದ್ದು ಗೊತ್ತಾಗುತ್ತದೆ. ಮುಖ ನೋಡಿ ಮಾತಾಡಿ. ನಾನು ಇವನ್ನು ನಂಬಿದವಳು, ಈಗಲೂ ನಂಬುತ್ತೇನೆ. ಎಷ್ಟೋ ಸಂಸಾರಗಳು ಈ ನಾಲ್ಕು ಸಾಲಿನಿಂದ ದಡ ಸೇರಿದ್ದನ್ನು ಕಣ್ಣಾರೆ ನೋಡಿದ್ದೇನೆ.

ಆದರೆ ಅಲ್ಲಿ ಅವರಿಬ್ಬರೇ ಇರಲಿಲ್ಲ. ಹೆಂಡತಿಯ ಪಕ್ಕದಲ್ಲಿ ಅವಳ ಅಣ್ಣ, ಗಂಡನ ಪಕ್ಕದಲ್ಲಿ ಅವನ ಸೋದರಮಾವ. ಹಿರಿಯರನ್ನು ಹೊರಗೆ ಕೂರಿಸಿದರೆ ಅವಮಾನವೆಂದು ಮುಖ್ಯಸ್ಥೆಯೇ ಒಳಗೆ ಬಿಡಿಸಿದ್ದರು. 'ನನಗೆ' ಎಂದು ಶುರುಮಾಡಮ್ಮ ಎಂದು ಹೆಂಡತಿಗೆ ಹೇಳಿದೆ. ಬಾಯಿ ತೆರೆದದ್ದು ಅಣ್ಣ. "ನನಗ ಅನಸ್ತದ, ಇವರ ಮನಿಯವರು ಮೋಸ ಮಾಡ್ಯಾರ." ಸೂತ್ರ ಚಾಚೂ ತಪ್ಪದೆ ಪಾಲಿಸಿದ್ದ, ಏನೆನ್ನಲಿ! ಸೋದರಮಾವ ಬಿಡಲಿಲ್ಲ. "ನನಗೂ ಅನಸ್ತದ, ನಿಮ್ಮ ಹುಡುಗಿಗಿ ಸೊಕ್ಕು ಬಂದದ." ಗಂಡನಿಗೆ, ಹೆಂಡತಿ ಹೇಳಿದ್ದನ್ನು ನಿನ್ನ ಮಾತಿನಲ್ಲಿ ಹೇಳಪ್ಪ ಎಂದೆ. ಕೋರ್ಟಿನ ಜವಾನ ಹೆಸರು ಕೂಗುವ ಹಾಗೆ ಆತ ಒಂದೇ ಧ್ವನಿಯಲ್ಲಿ ಹೇಳಿದ. "ಬ್ಯಾರೆ ಮನಿ ಮಾಡಬೇಕಂತ. ಮಾಡಿದ್ರ ಬರ್ತಾಳಂತ." ಆಮೇಲೆ ಕಿಟಕಿ.

ಆ ದಿನ ಕೊನೆಗೆ ಆದದ್ದು ಇನ್ನೂ ಕೆಟ್ಟದ್ದು. "ನಮ್ಮ ತಂಗಿ ನಮಗ ಭಾರ ಆಗಿಲ್ರಿ. ಶ್ರಾವಣ ಮುಗಿಯೂದ್ರಾಗ ಫೈಸಲಾ ಆಗ್ಲಿಲ್ಲಂದ್ರ ವಕೀಲರ ಹತ್ರ ಹೋಗ್ತೀವಿ" ಎಂದ ಅಣ್ಣ. "ಹೋಗ್ರಿ. ನಮ್ಮ ಹುಡುಗಗ ಹೆಣ್ಣ ಕೊಡವರು ಬಾಗಲಕ್ಕ ಬಂದು ನಿಂತಾರ" ಎಂದ ಸೋದರಮಾವ. ಗಂಡ ಹೆಂಡತಿ ಇಬ್ಬರೂ ತಲೆ ತಗ್ಗಿಸಿ ಕೂತಿದ್ದರು, ಯಾರದೋ ಸಂಸಾರದ ಮಾತು ನಡೆದಿದೆ ಎಂಬಂತೆ. ನನಗೆ ಇಬ್ಬರ ರಟ್ಟೆಯನ್ನೂ ಹಿಡಿದು ಅಲುಗಾಡಿಸಬೇಕು ಅನಿಸಿತು. ಬೇಕು ಅಂತ ಇಬ್ಬರಿಗೂ ಇದೆ, ನನ್ನೆದುರು ಇಬ್ಬರೂ ತೋರಿಸಿಕೊಟ್ಟಿದ್ದಾರೆ. ಬಾಯಿ ಬಿಟ್ಟು ಹೇಳಲು ಏನು ರೋಗ?

ಮೂರನೆಯ ಬೈಠಕ್ಕಿಗೆ ಗಂಡ ಬರಲೇ ಇಲ್ಲ. ಉದಗೀರದಿಂದ ಬಂದವರು ಮಧ್ಯಾಹ್ನದವರೆಗೆ ಕಾದು, ನಮಗೂ ಅವನಿಗೂ ಸೇರಿಸಿ ಬೈದು ಹೋದರು. ವಿಚಾರಿಸಿದರೆ, ಅಂದು ದನದ ಸಂತೆ ಎಂದು ತಿಳಿಯಿತು. ಸಿಟ್ಟು ನೆತ್ತಿಗೇರಿತ್ತು. ಮರುವಾರ ಅದೇ ಸಂತೆಯ ದಿನ, ನಾಲ್ಕು ಮಾತು ಅಂದೇ ಬಿಡೋಣವೆಂದು ಬಸ್ಸು ಹತ್ತಿ ಹೋದೆ.

ಧೂಳು, ಸಗಣಿ, ಕೊಂಬಿಗೆ ಬಣ್ಣ ಬಳಿದ ಎತ್ತುಗಳ ನಡುವೆ ಅವನನ್ನು ಹುಡುಕಿದೆ. ಒಂದು ಜೋಡಿ ಕೆಂಪು ಎತ್ತಿನ ಮುಂದೆ ನಿಂತಿದ್ದ. ಮಾರುವ ರೈತ ಒಂದು ಕಡೆ, ಕೊಳ್ಳುವವನು ಇನ್ನೊಂದು ಕಡೆ, ಸುತ್ತ ನೋಡುವ ಜನ. ರೈತ ಎಲ್ಲರಿಗೂ ಕೇಳುವಂತೆ ಒಂದು ಬೆಲೆ ಕೂಗಿದ. ಕೊಳ್ಳುವವನು ಥೂ ಎಂದು ಎದ್ದು ಹೋದಂತೆ ಮಾಡಿದ. ಯಾರೂ ಬೆದರಲಿಲ್ಲ. ನಮ್ಮ ಹುಡುಗ ರೈತನ ಕೈ ಹಿಡಿದು, ಮೇಲೆ ಟವೆಲ್ಲು ಹೊದಿಸಿದ. ಟವೆಲ್ಲಿನ ಒಳಗೆ ಬೆರಳು ಬೆರಳು ಬೆಲೆಯ ಮಾತಾಡಿದವು. ಆಮೇಲೆ ಕೊಳ್ಳುವವನ ಹತ್ತಿರ ಹೋಗಿ ಅವನ ಕೈಮೇಲೂ ಟವೆಲ್ಲು ಹೊದಿಸಿದ. ಹೀಗೆ ನಾಲ್ಕಾರು ಸಲ ಓಡಾಡಿದ. ಅಲ್ಲಿ ಆತನ ಮುಖವೇ ಬೇರೆ. ಕಣ್ಣು ಚುರುಕು, ತುಟಿಯ ಮೇಲೆ ಸಣ್ಣ ನಗು, ಒಬ್ಬೊಬ್ಬರ ಬೆರಳಿನಿಂದಲೇ ಅವರ ಹೊಟ್ಟೆಯ ಮಾತು ಓದುತ್ತಿದ್ದ. ಕೊನೆಗೆ ಇಬ್ಬರ ಕೈಯನ್ನೂ ಒಂದರ ಮೇಲೊಂದು ಬಡಿದ. ವ್ಯಾಪಾರ ಮುಗಿಯಿತು. ಕೂಗಿದ ಬೆಲೆಗೂ ಮುಗಿದ ಬೆಲೆಗೂ ಸಂಬಂಧವೇ ಇರಲಿಕ್ಕಿಲ್ಲ, ಅದನ್ನು ಯಾರೂ ಕೇಳಲೂ ಇಲ್ಲ.

ನನ್ನನ್ನು ನೋಡಿ ನಾಚಿದ. ಬೈಯಲು ಬಂದವಳು ಬೇರೆಯದನ್ನೇ ಕೇಳಿದೆ.

"ಅಲ್ಲೋ, ರೈತ ಮೊದಲು ಕೂಗಿದ್ನಲ್ಲ, ಅದೇನು?"

"ಅದು ಮಂದಿ ಕೇಳ್ಲಿ ಅಂತ್ರಿ ಅಕ್ಕಾರ. ಖರೆ ಮಾತ ಟವಲ್ ಒಳಗ ಇರ್ತದ."

"ಮಾಲಕನೇ ಬಾಯಿ ಬಿಟ್ಟು ಖರೆ ಹೇಳಿದ್ರ?"

"ಹೇಳಿದಾಂವಾ ಸಿಕ್ಕಬಿದ್ದಂಗರಿ. ಅದಕ್ಕಽ ನಡುವ ನಾವು ಇರೂದು."

ತಿರುಗಿ ಬರುವಾಗ ಬಸ್ಸಿನಲ್ಲಿ ನನ್ನ ತಲೆ ಓಡಿದ್ದೇ ಓಡಿದ್ದು. 'ಬೇರೆ ಮನೆ' ಎನ್ನುವುದು ಅಣ್ಣನಿಗೂ ಸೋದರಮಾವನಿಗೂ ಕೇಳಲಿ ಎಂದು ಕೂಗಿದ ಬೆಲೆ. ಅಂಗಡಿಯವರ ಮಗಳು, ಅವಳಿಗೂ ಈ ವಿದ್ಯೆ ಹೊಸದಲ್ಲ. ಒಳಗಿನ ಮಾತು ಬೇರೆ ಏನೋ ಇದೆ. ನಾವೋ, ಏನು ಬೇಕು ಎಂದು ಕೇಳಿ ಕೇಳಿ, ಹಿರಿಯರ ಮುಂದೆ ಅದನ್ನೇ ಹೇಳಿಸಿ ಹೇಳಿಸಿ, ಕೂಗಿದ ಬೆಲೆಗೇ ಇಬ್ಬರನ್ನೂ ಕಟ್ಟಿಹಾಕಿದ್ದೆವು. ಈಗ ಕೆಳಗಿಳಿದರೆ ಇಬ್ಬರಿಗೂ ಮಾನ ಹೋಗುತ್ತದೆ.

ಮುಂದಿನ ಬೈಠಕ್ಕಿನಲ್ಲಿ ಹಿರಿಯರಿಬ್ಬರಿಗೂ ಪಕ್ಕದ ಕೋಣೆಯಲ್ಲಿ ಚಹಾ ಕೊಟ್ಟು, ಮುಖ್ಯಸ್ಥೆಯನ್ನೇ ಅವರ ಕಾವಲಿಗೆ ಕೂರಿಸಿದೆ. ಮುಖ್ಯಸ್ಥೆಗೆ ಸಿಟ್ಟು ಬಂತು, ಬರಲಿ. ಗಂಡ ಹೆಂಡತಿಗೆ ಹೇಳಿದೆ: ಇವತ್ತು ಏನು ಬೇಕು ಅನ್ನುವ ಮಾತು ಬೇಡ. ಯಾರ ತಪ್ಪು ಅನ್ನುವುದೂ ಬೇಡ. ಊಟ ಆದ ಮೇಲಿನಿಂದ ಬೆಳಗಿನವರೆಗೆ ನಿಮ್ಮ ಮನೆಯಲ್ಲಿ ಏನೇನು ನಡೆಯುತ್ತದೆ, ಅಷ್ಟು ಹೇಳಿ. ಮೊದಲು ಹೆಂಡತಿ.

ಆಕೆ ಪಾತ್ರೆ ತೊಳೆಯುವುದರಿಂದ ಶುರುಮಾಡಿದಳು. ಹಾಸಿಗೆ ಹಾಸುವುದಕ್ಕೆ ಬಂದಾಗ ನಿಂತಳು. ನಾನು ಕಾದೆ. "ಎರಡೇ ಖೋಲಿ ಅವ್ರಿ" ಎಂದಳು ಕೊನೆಗೆ. "ಒಳಗಿನ ಖೋಲ್ಯಾಗ ನಾವು. ಅದರ ಬಾಗಲದಾಗ, ಬರೋಬ್ಬರಿ ಹೊಸ್ತಿಲದ ಮ್ಯಾಲ, ಅತ್ತಿ ಹಾಸಗೊಂಡು ಮಲಗ್ತಾರ. ಬಾಗಲಾ ಮುಚ್ಚಬಾರದಂತ ಒಂದು ಗುಂಡಕಲ್ಲು ಇಟ್ಟಾರ. ಹೊರಗಿನ ಬಾಗಲಾನೂ ತೆರದೇ ಇರ್ತದ. ನಾಯಿ ಒಳಗ ಬಂದು ಹೋಗ್ತದ. ನಾ ಮಗ್ಗಲಾ ಬದಲಿಸಿದ್ರ 'ಯಾಕವಾ' ಅಂತಾರ. ನಾಕ ವರ್ಷ ಆಯ್ತು, ಇವರ ಕೂಡ ಒಂದ ಮಾತ ನಾ ಸಣ್ಣ ದನೀಲೆ ಆಡಿಲ್ಲ. ಮ್ಯಾಲ ಅವರೇ ಓಣ್ಯಾಗ ಹೇಳ್ತಾರ, ಸೊಸಿಗಿ ಇನ್ನಾ ಮಕ್ಕಳಾಗಿಲ್ಲ ಅಂತ."

ಇದನ್ನು ಆಕೆ ಅಣ್ಣನ ಮುಂದೆ ಹೇಗೆ ಹೇಳಿಯಾಳು? ಸೋದರಮಾವನ ಮುಂದೆ ಹೇಗೆ ಹೇಳಿಯಾಳು? ಬೇರೆ ಮನೆ ಬೇಕು ಎಂದಿದ್ದಳು, ಪಾಪ.

"ಯುಗಾದಿಗಿ ಹೋಗಿ ಉದಗೀರದಿಂದ ಬರುವಾಗ ಒಂದು ಚಿಲಕಾ ತಂದಿದ್ದೆ" ಎಂದು ಮುಂದುವರಿಸಿದಳು. "ಬಡಿಗ್ಯಾರಗ ಕರಸಿ ಒಳಗಿನ ಬಾಗಲಕ್ಕ ಹಾಕ್ಸಿದೆ. ಸಂಜಿಗಿ ಇವರು ಬಂದು ನೋಡಿದ್ರು. ಒಂದ ಮಾತ ಇಲ್ಲ. ಕಬ್ಬಣದ ಹಾರಿ ತಂದು, ಕಟಿಗಿ ಸೀಳಿ ಹೋಗೂವಂಗ ಕಿತ್ತು, ಚರಂಡ್ಯಾಗ ಒಗದ್ರು. ಮರುದಿನ ನಾ ಬಂದ್ಬಿಟ್ಟೆ."

ಈಗ ಗಂಡನ ಸರದಿ ಎಂದು ತಿರುಗಿದೆ. ಆತನ ಮುಖ ಬೂದಿಯಾಗಿತ್ತು. ಎದ್ದ, ಚಪ್ಪಲಿ ಮೆಟ್ಟಿದ, ಹೊರಗೆ ಹೋದ. ಸೋದರಮಾವ ಚಹಾದ ಬಸಿ ಕೆಳಗಿಟ್ಟು ಹಿಂದೆ ಓಡಿದ. ಹೆಂಡತಿ ನನ್ನ ಕಡೆ ನೋಡಿ, "ನೋಡಿದ್ರಿಲ್ಲ?" ಎಂದಳಷ್ಟೆ. ಅಣ್ಣ ಒಳಗೆ ಬಂದು, ಮುಂದಿನ ಸಲವೇ ಕಡೆಯದು, ಆಮೇಲೆ ವಕೀಲರೇ ಮಾತಾಡುತ್ತಾರೆ ಎಂದ. ದಡದವರೆಗೆ ತಂದ ದೋಣಿಯನ್ನು ನಾನೇ ಮುಳುಗಿಸಿದೆನೇ ಎಂದು ಅಂದು ಅನ್ನ ಇಳಿಯಲಿಲ್ಲ.

ಆತ ಬಂದದ್ದು ಎರಡು ಮೂರು ದಿನ ಬಿಟ್ಟು, ಒಬ್ಬನೇ, ಹೇಳದೆ ಕೇಳದೆ. ನಾನು ಬೀಗ ಹಾಕಿ ಹೊರಡುವುದರಲ್ಲಿದ್ದೆ. ಒಳಗೆ ಬಾ ಎಂದರೆ ಬರಲಿಲ್ಲ. ಜಗಲಿಯ ಕಂಬಕ್ಕೆ ಒರಗಿ, ಬೀದಿ ನೋಡುತ್ತ ಹೇಳಿದ.

"ಹಳೀ ಊರಾಗ ನಮ್ಮದು ಕಲ್ಲಿನ ಮನಿ ಇತ್ರಿ. ಅವತ್ತ ಗಣಪತಿ ಬಿಟ್ಟು ಬಂದು ನಾ ಹುಡುಗರ ಕೂಡ ಗುಡಿ ಕಟ್ಟಿ ಮ್ಯಾಲ ಮಲಗಿದ್ದೆ. ಒಳಗ ಅವ್ವ, ನಮ್ಮ ತಂಗಿ. ಅಪ್ಪ ಮೊದಲೇ ಇದ್ದಿಲ್ಲ. ನೆಲ ನಡುಗಿದ ಮ್ಯಾಲ ಓಡಿ ಬಂದೆ. ಮನಿ ಇದ್ದಿಲ್ಲ. ಬಾಗಲಾ ಅಷ್ಟೇ ನಿಂತಿತ್ತು, ಚೌಕಟ್ಟು ಸುದ್ದಾ. ದೂಡಿದ್ರ ತೆರೀವಲ್ದು. ಆಕಡಿಂದ ತಂಗಿ ಮಾತಾಡಿದಳ್ರಿ. 'ಅಣ್ಣಾ, ಚಿಲಕಾ ಸಿಗವಲ್ದು' ಅಂದಳು. ಹುಡುಕು ಅಂದೆ. ಕೈಲೆ ಸವರು ಅಂದೆ. 'ಸಿಗವಲ್ದು' ಅಂದಳು. ಮಂದಿ ಬಂದು ಕಲ್ಲು ತಗೀತನಾ ಅದನ್ನೇ ಅಂದಳು. ಅವ್ವಗಷ್ಟೇ ಜೀವಂತ ತಗದ್ರು."

ಅಷ್ಟು ಹೇಳಿ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಹೊಸ ಮನೆಯ ಕೀಲಿ ಕೊಟ್ಟ ದಿನವೇ ಎಲ್ಲ ಬಾಗಿಲಿನ ಚಿಲಕಗಳನ್ನೂ ತಾನೇ ಬಿಚ್ಚಿದನಂತೆ. ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ.

"ಇದು ನಿನ್ನ ಹೆಂಡತಿಗಿ ಗೊತ್ತದೇನಪ್ಪ?"

"ತಂಗಿ ಭೂಕಂಪದಾಗ ಹೋದಳಂತ ಗೊತ್ತದ. ಫೋಟೋ ಅದಲ್ರಿ ಗ್ವಾಡಿಗಿ. ನಮ್ಮೂರಾಗ ಹ್ಯಾಂಗ ಹೋದರು ಅಂತ ಯಾರೂ ಯಾರಿಗೂ ಕೇಳೂದಿಲ್ಲ. ಹೊಸಾ ಸೊಸಿ ಮುಂದ ಅಂತೂ ಆಡೂದೇ ಇಲ್ಲ."

"ಹೋಗಿ ಹೇಳು. ಇವತ್ತೇ ಹೇಳು."

"ನೀವೇ ಹೇಳ್ರಿ ಆಕಿಗಿ."

ಮತ್ತೆ ಅದೇ! ನನ್ನೊಳಗೆ ಏನೋ ಚಟ್ಟನೆ ಹರಿಯಿತು. ಈ ಮಾತನ್ನು ನಾನು ಹೇಳಿದರೆ ಕೆಲಸ ಅರ್ಧ ಗಂಟೆಯದು. ಉದಗೀರಕ್ಕೆ ಹೋಗಿ ಹೇಳಿ ಬಂದರೆ ಆಕೆ ಅತ್ತೂ ಕರೆದೂ ಮರುದಿನ ಗಂಡನ ಮನೆಗೆ ಹೋಗಿಯಾಳು. ಆಮೇಲೆ? ಅವಳಿಗೆ ಗೊತ್ತಿದೆ ಎಂದು ಅವನಿಗೆ ಗೊತ್ತು, ಅವನಿಗೆ ಗೊತ್ತು ಎಂದು ಅವಳಿಗೆ ಗೊತ್ತು, ಮಾತು ಮಾತ್ರ ಇಲ್ಲ. ಹೊಸ್ತಿಲ ಮೇಲೆ ಅತ್ತೆ ಮಲಗಿಯೇ ಇರುತ್ತಾಳೆ. ಇನ್ನೊಂದು ತಕರಾರು ಬಂದಾಗ ಇನ್ನೊಬ್ಬ ಅಕ್ಕಾರನ್ನು ಹುಡುಕಬೇಕು.

"ನಾ ಹೇಳೂದಿಲ್ಲ" ಎಂದೆ.

"ಅಕ್ಕಾರ..."

"ಎತ್ತಿನ ವ್ಯಾಪಾರಕ್ಕ ನೀ ನಡುವ ನಿಂದರು, ಬ್ಯಾಡ ಅನ್ನಂಗಿಲ್ಲ. ನಿನ್ನ ಹೆಂಡತಿಗೂ ನಿನಗೂ ನಡುವ ನಾ ದಲಾಲಿ ಮಾಡೂದಿಲ್ಲ. ಹೇಳಿದ್ರ ನೀ ಹೇಳು. ಇಲ್ಲಂದ್ರ ಕೋರ್ಟಿಗಿ ಹೋಗ್ರಿ."

ಆತ ನನ್ನ ಮುಖವನ್ನೇ ನೋಡಿದ, ಬಹುಶಃ ಮೊದಲ ಸಲ. ಬಸ್ ಸ್ಟ್ಯಾಂಡಿನ ಕಡೆ ನಡೆದುಹೋದ.

ಮುಖ್ಯಸ್ಥೆಗೆ, ಹುಡುಗ ಬಂದಿದ್ದ, ನನ್ನ ಕಡೆಯಿಂದ ಹೇಳಿಸಬೇಕೆಂದಿದ್ದ, ನಾನು ಒಲ್ಲೆನೆಂದೆ ಎಂದು ತಿಳಿಸಿದೆ. ಏನು ಮಾತು ಎಂಬುದನ್ನು ಹೇಳಲಿಲ್ಲ. "ನಿಮ್ಮ ಹಟಕ್ಕೆ ಒಂದು ಸಂಸಾರ ಮುರಿಯುತ್ತದೆ" ಎಂದರು. ನನಗೂ ಹಾಗೇ ಅನಿಸುತ್ತಿತ್ತು. ಆ ವಾರವೆಲ್ಲ ಬೇರೆ ಪ್ರಕರಣಗಳಲ್ಲಿ ಮನಸ್ಸೇ ನಿಲ್ಲಲಿಲ್ಲ. ನಡುವೆ ಒಂದು ದಿನ ಹೆಂಡತಿ ಉದಗೀರದಿಂದ ಫೋನು ಮಾಡಿದಳು. "ಅವರೇನಾರೆ ಅಂದ್ರೇನ್ರಿ?" ಬಾಯಿಯ ತುದಿಯವರೆಗೆ ಬಂದ ಮಾತನ್ನು ನುಂಗಿದೆ. "ಬೈಠಕ್ಕಿಗಿ ಬಾ ತಾಯಿ" ಎಂದಷ್ಟೇ ಹೇಳಿ ಇಟ್ಟೆ. ಇಟ್ಟ ಮೇಲೆ ಅವನ ಮೇಲೆ ಬಂದ ಸಿಟ್ಟು, ನನ್ನ ಮೇಲೆ ಬಂದ ಸಿಟ್ಟು, ಯಾವುದು ಹೆಚ್ಚೋ ಹೇಳಲಾರೆ.

ಕಡೆಯ ಬೈಠಕ್ಕಿನ ದಿನ ಉದಗೀರದವರು ಹೊತ್ತಿಗೆ ಸರಿಯಾಗಿ ಬಂದರು. ಅಣ್ಣನ ಕಂಕುಳಲ್ಲಿ ವಕೀಲರ ಕಾಗದ. ಗಂಡನ ಸುಳಿವಿಲ್ಲ. ಹನ್ನೆರಡು ಹೊಡೆಯಿತು, ಊಟದ ಹೊತ್ತು ದಾಟಿತು. ಅಣ್ಣ ಎದ್ದು ನಿಂತಾಗ ಆತ ಬಂದ. ಸೋದರಮಾವನನ್ನು ಕರೆತಂದಿರಲಿಲ್ಲ. ಅಣ್ಣನಿಗೆ ಕೈಮುಗಿದು, "ಜರಾ ಹೊರಗ ಕೂಡ್ರಿ ಭಾವಾರ" ಎಂದ. ನಾನೂ ಹೊರಡಲು ಎದ್ದೆ. "ನೀವು ಇರ್ರಿ" ಎಂದಳು ಹೆಂಡತಿ.

ಎದುರಿನ ಕುರ್ಚಿ ಬಿಟ್ಟು, ಅವಳ ಪಕ್ಕದ ಬೆಂಚಿನ ಕೊನೆಯಲ್ಲಿ ಕೂತ. ಅವಳ ಮುಖ ನೋಡಲಿಲ್ಲ. ಗೋಡೆಗೆ ಅಂಟಿಸಿದ್ದ ನಮ್ಮ ಸೂತ್ರಗಳ ಕಡೆ ನೋಡುತ್ತ ಹೇಳತೊಡಗಿದ. ನನಗೆ ಹೇಳಿದ್ದಕ್ಕಿಂತ ತಡವರಿಸಿದ, ಹಿಂದಿನದು ಮುಂದೆ ಮಾಡಿದ, ಅರ್ಧಕ್ಕೆ ನಿಲ್ಲಿಸಿದ. 'ಚಿಲಕಾ ಸಿಗವಲ್ದು' ಎಂಬುದನ್ನು ಮಾತ್ರ ಎರಡು ಸಲ ಹೇಳಿದ. ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದಳು. ಅಳುತ್ತಾಳೆ ಅಂದುಕೊಂಡೆ. ಆಕೆ ಸಿಡಿದಳು.

"ನಾಕ ವರ್ಷ! ನಾಕ ವರ್ಷ ನಾ ನಿಮಗ ಬ್ಯಾಡಾದಾಕಿ ಅಂತ ತಿಳಕೊಂಡೆ. ನನ್ನ ಮಗ್ಗಲಾಗ ಮಲಗಬಾರದಂತ ತಾಯಿಗಿ ಕಾವಲಿ ಹಾಕ್ಯಾರ ಅಂತ ತಿಳಕೊಂಡೆ. ಒಂದ ದಿನ ಹೇಳಿದ್ರ ನಿಮ್ಮದೇನು ಹೋಗ್ತಿತ್ತು? ಆ ಚಿಲಕಾ ನಾನೇ ಒಗದು ಬರ್ತಿದ್ದಿಲ್ಲೇನು?"

ಆತ ತಲೆ ಎತ್ತಲಿಲ್ಲ. ಅವಳು ಉಸಿರು ಎಳೆದುಕೊಂಡು, ಸಣ್ಣ ದನಿಯಲ್ಲಿ ಕೇಳಿದಳು.

"ಅವತ್ತ ಒಳಗಿಂದ ಚಿಲಕಾ ಹಾಕಿದವರು ಯಾರು?"

ಇದನ್ನು ನಾನು ಕೇಳಿರಲಿಲ್ಲ. ನನಗೆ ಹೊಳೆದೇ ಇರಲಿಲ್ಲ.

"ಅವ್ವ" ಎಂದ. "ನಾ ಗುಡೀಗಿ ಹೊಂಟಾಗ ಹಿಂದ ಸಪ್ಪಳ ಕೇಳಿತ್ತು."

ಆಮೇಲೆ ಆತನೇ, ಗಡಿಬಿಡಿಯಿಂದ, ಸಂತೆಯಲ್ಲಿ ಮಾತು ಮುಗಿಸುವವನ ಹಾಗೆ ಅಂದ. "ಬ್ಯಾರೆ ಮನಿ ನೋಡ್ತೀನಿ. ಅವ್ವನ ಮನಿ ಬಾಜೂಕೇ ನೋಡ್ತೀನಿ. ಚಿಲಕಾನೂ ಹಾಕಸ್ತೀನಿ. ನಡಿ."

"ಬ್ಯಾರೆ ಮನಿ ಬ್ಯಾಡ ನನಗ."

"ಮತ್ತೇನು?"

"ಅತ್ತಿಗಿ ಹೇಳ್ರಿ, ನನಗ ಎಲ್ಲಾ ಗೊತ್ತದ ಅಂತ. ನಿಮಗೂ ಗೊತ್ತದ ಅಂತ. ನೀವು ಹೇಳಿದ ಮ್ಯಾಲ ನಾ ಬರ್ತೀನಿ."

"ಅದು ಆಗಂಗಿಲ್ಲ."

"ಆಗಬೇಕು."

"ಬ್ಯಾರೆ ಏನರೇ ಕೇಳು. ಅದೊಂದು ಬ್ಯಾಡ."

"ಬ್ಯಾರೆ ಏನೂ ಬ್ಯಾಡ. ಇದರಾಗ ಹೆಚ್ಚು ಕಮ್ಮಿ ಇಲ್ಲ."

ಆತ ನನ್ನ ಕಡೆ ನೋಡಿದ. ಆ ಕಣ್ಣಲ್ಲಿ ಇದ್ದ ಮಾತು ನನಗೆ ಓದಲು ಬರುತ್ತಿತ್ತು, ಆದರೆ ಈ ಸಲ ಬಾಯಿ ಬಿಟ್ಟು ಕೇಳಲಿಲ್ಲ. ಹೆಂಡತಿ ಹೊರಗೆ ಹೋಗಿ ಅಣ್ಣನಿಗೆ, "ಕಾಗದ ಸದ್ಯಾ ಇರ್ಲಿ" ಎಂದಳು. ಅಣ್ಣ ರೇಗಿದ, ಆಕೆ ಕೇಳಿಸಿಕೊಳ್ಳದೆ ಮುಂದೆ ನಡೆದಳು. ಗಂಡ ಬೆಂಚಿನ ಮೇಲೆ ಇನ್ನೂ ಬಹಳ ಹೊತ್ತು ಕೂತಿದ್ದು ಎದ್ದು ಹೋದ. ಪ್ರಕರಣ ಮುಗಿಯಿತೋ ಇಲ್ಲವೋ ಎಂದು ಮುಖ್ಯಸ್ಥೆ ಕೇಳಿದರು, ನಾನು ಕಡತ ಮುಚ್ಚದೆ ಮೇಜಿನ ಮೇಲೆ ಇಟ್ಟೆ. ಇಷ್ಟೆಲ್ಲ ಮಾಡಿ, ಮತ್ತೆ ಕಾಯುವುದೇ ಬಂತಲ್ಲ ಎಂದು ಮೈಯೆಲ್ಲ ಉರಿಯುತ್ತಿತ್ತು.

ಶ್ರಾವಣದ ಕೊನೆಯ ಸೋಮವಾರ ಮುಗಿದ ಮೇಲೆ ಒಂದು ಬೆಳಿಗ್ಗೆ, ಕೇಂದ್ರದ ಬಾಗಿಲು ತೆರೆಯಲು ಹೋದಾಗ ಜಗಲಿಯ ಮೇಲೆ ಒಬ್ಬ ಮುದುಕಿ ಕೂತಿದ್ದಳು. ಹಣೆಯ ತುಂಬ ವಿಭೂತಿ, ಮಡಿಲಲ್ಲಿ ಒಂದು ಬಟ್ಟೆಯ ಗಂಟು, ಎಡಗಾಲು ಮಡಚಲಾಗದೆ ನೀಡಿಕೊಂಡಿದ್ದಳು. ಒಳಗೆ ಬನ್ನಿ ಎಂದೆ. "ಇಲ್ಲೇ ಚಲೋ ಅದ" ಎಂದಳು. ಯಾರೆಂದು ಕೇಳುವ ಮೊದಲೇ ತನ್ನ ಊರು, ಮಗನ ಹೆಸರು ಹೇಳಿದಳು. ಬೈಯಲು ಬಂದಿರಬೇಕೆಂದು ಮನಸ್ಸು ಗಟ್ಟಿಮಾಡಿಕೊಂಡು ಎದುರಿಗೆ ಕೂತೆ.

"ನಿನ್ನೆ ಮಗ ಹೇಳ್ದ" ಎಂದಳು. "ಉಣ್ಣಾಕ ಕೂತಾಂವಾ, ಉಣ್ಣೂದು ಬಿಟ್ಟು ಹೇಳ್ದ. ಸೊಸಿಗಿ ಗೊತ್ತದ ಅಂದ. ಚಿಲಕಾ ಹಾಕಿದ ಸಪ್ಪಳ ತನಗ ಕೇಳಿತ್ತು ಅಂದ."

ಬಟ್ಟೆಯ ಗಂಟನ್ನು ಬಿಚ್ಚಿದಳು, ಮತ್ತೆ ಕಟ್ಟಿದಳು.

"ಅವನಿಗಿ ಗೊತ್ತಿಲ್ಲಂತ ತಿಳಕೊಂಡಿದ್ದೆ ಅಕ್ಕಾರ. ಒಂದಿಲ್ಲೊಂದ ದಿನ 'ಅವ್ವಾ, ಅವತ್ತ ಯಾರು ಹಾಕಿದ್ರು' ಅಂತ ಕೇಳ್ತಾನಂತ ಇಷ್ಟ ವರ್ಷ ಅಂಜಿ ಅಂಜಿ ಸತ್ತೆ. ಅಂವಾ ನೋಡಿದ್ರ ಮೊದಲಿಂದ ಗೊತ್ತಿದ್ದು ನನ್ನ ಕೈಲೇ ಉಂಡಾನ."

ಆಕೆ ಕಂಬ ಹಿಡಿದು, ನೋಯುವ ಕಾಲನ್ನು ಎಳೆದುಕೊಂಡು ಎದ್ದು ನಿಂತಳು. ಸೆರಗು ಸರಿಮಾಡಿಕೊಂಡಳು.

"ಮಗ ಹೋಗ್ತೀನಂದ. ನಾ ಬ್ಯಾಡಂದೆ, ಕರೀಲಾಕ ನಾನೇ ಹೋಗಬೇಕಂದೆ" ಎಂದಳು. "ಉದಗೀರದ ಗಾಡಿ ಎಲ್ಲಿ ನಿಂದರ್ತದವಾ?"